ಪುಣೆಯ ರಾಜಿ, ಲಿನಕ್ಸ್‌ನ ನೆಲದಲ್ಲಿ

ಪುಣೆಯ ಪಾಷಾಣದಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ 2019ರಿಂದ ‘ಪರಮ್ ಬ್ರಹ್ಮ’ ಎಂಬ ಸೂಪರ್‌ಕಂಪ್ಯೂಟರ್ ಇದೆ. ಅದನ್ನು ರೂಪಿಸಿದ್ದು ಅದೇ ಊರಿನ ಸಿ-ಡ್ಯಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ‘ಪರಮ್ ಪ್ರವೇಗ’ ಇದರ ತಂಗಿ. ಎರಡೂ ನಡೆಯುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ. ಅಷ್ಟೇ ಅಲ್ಲ, 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ ಒಂದೂ ಬಿಡದೆ ಎಲ್ಲವೂ ಲಿನಕ್ಸ್‌ನವೇ. ಪಾಷಾಣದಿಂದ ಹೆದ್ದಾರಿ ಹಿಡಿದು ಬಾಣೇರ್, ಬಾಲೇವಾಡಿ ದಾಟಿದರೆ ವಾಕಡ. ಹಿಂಜವಡಿಯ ಐಟಿ ಪಾರ್ಕಿಗೆ ಅಂಟಿಕೊಂಡಿರುವ ಈ ಬಡಾವಣೆಯಲ್ಲಿ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳೂ ಸಾಕಷ್ಟಿವೆ. ಇಲ್ಲಿನ ಎಂಜಿನಿಯರುಗಳು ಹಗಲೆಲ್ಲ ನೋಡಿಕೊಳ್ಳುವ ಸರ್ವರುಗಳಲ್ಲಿ ಹೆಚ್ಚಿನವು ಲಿನಕ್ಸ್‌ನವು. ಆದರೂ ಆಟ ಆಡುವವರ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್‌ಗೆಂದು ಡಿಸ್ಕಿನ ಒಂದು ಪಾಲು ಬಹುಕಾಲ ಮೀಸಲಾಗಿತ್ತು. ಹವಾಮಾನದ ಮಾದರಿಯನ್ನೂ ಪ್ರೋಟೀನುಗಳ ಮಡಿಕೆಯನ್ನೂ ಲೆಕ್ಕ ಹಾಕಬಲ್ಲ ವ್ಯವಸ್ಥೆಗೆ ಒಂದು ಆಟವನ್ನು ತೆರೆದು ತೋರಿಸಲು ಇಷ್ಟು ವರ್ಷ ಆಗಲಿಲ್ಲ ಎಂದರೆ, ಕೊರತೆ ಸಾಮರ್ಥ್ಯದ್ದಾಗಿರಲು ಸಾಧ್ಯವಿಲ್ಲ. ಹಾಗಾದರೆ ಕೊರತೆ ಎಲ್ಲಿತ್ತು, ಅದು ಹೇಗೆ ನೀಗಿತು ಎಂಬುದೇ ಈ ಅಧ್ಯಾಯದ ವಿಷಯ. ಲಿನಕ್ಸ್‌ಗಾಗಿ ಆಟ ಬರೆಯಿರೆಂದು ತಯಾರಕರನ್ನು ಒಲಿಸುವ ಯತ್ನ ಸೋತ ಕಡೆ, ಅವರನ್ನು ಏನೂ ಕೇಳದೆ ಇರುವ ಆಟವನ್ನೇ ನಡೆಸುವ ಯತ್ನ ಗೆದ್ದಿತು. ಮತ್ತು ಹಾಗೆ ಗೆದ್ದದ್ದೇ ಸರಿಯಾಯಿತು ಎಂಬುದು ನನ್ನ ವಾದ.

ಉದಾಹರಣೆಗೆ ಪುಣೆಯದೇ ಒಂದು ಆಟ ತೆಗೆದುಕೊಳ್ಳೋಣ. ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ಸಂಸ್ಥೆಯ ಕೃತಿ. ಸರ್ಕಸ್ಸಿನ ಹುಡುಗಿ ರಾಜಿ ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುವ ಕಥೆ ಅದು. ನಡುನಡುವೆ ಕಥೆ ಹೇಳಲು ತೊಗಲುಗೊಂಬೆಯಾಟದ ರೀತಿಯನ್ನು ಬಳಸಿದ್ದಾರೆ. 2020ರ ಆಗಸ್ಟಿನಲ್ಲಿ ನಿಂಟೆಂಡೊ ಸ್ವಿಚ್‌ಗೂ ಅಕ್ಟೋಬರಿನಲ್ಲಿ ವಿಂಡೋಸ್ ಮತ್ತಿತರ ಸಾಧನಗಳಿಗೂ ಬಂತು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಲಿನಕ್ಸ್‌ಗೆಂದು ಅದರ ಆವೃತ್ತಿ ಯಾರೂ ಬರೆದಿಲ್ಲ. ಆದರೂ ಇಂದು ಅದು ಲಿನಕ್ಸ್‌ನಲ್ಲಿ ಓಡುತ್ತದೆ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಪ್ರೋಗ್ರಾಂ ಎಂಬುದರ ಒಳಗೆ ಏನಿದೆ ಎಂದು ನೋಡಬೇಕು. ಆಟದ ಕಡತದಲ್ಲಿ ತುಂಬಿರುವುದು ಬಹುಪಾಲು ಪ್ರೊಸೆಸರಿಗೆ ಕೊಟ್ಟ ಆದೇಶಗಳು: ಈ ಎರಡು ಸಂಖ್ಯೆ ಕೂಡು, ಫಲಿತವನ್ನು ಅಲ್ಲಿಡು, ಸೊನ್ನೆಯಾದರೆ ಇಲ್ಲಿಗೆ ಹೋಗು. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿಗೆ ಈ ಆದೇಶಗಳು ವಿಂಡೋಸ್‌ನಿಂದ ಬಂದವೋ ಲಿನಕ್ಸ್‌ನಿಂದ ಬಂದವೋ ಎಂಬುದು ಗೊತ್ತೇ ಆಗುವುದಿಲ್ಲ. ಎರಡೂ ಕಡೆ ಅವು ಒಂದೇ. ವ್ಯತ್ಯಾಸ ಹುಟ್ಟುವುದು ಆಟ ತನ್ನಿಂದ ಆಗದ ಕೆಲಸವನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುವಾಗ. ಕಡತ ತೆರೆ, ಧ್ವನಿ ಹೊರಡಿಸು, ಈ ತ್ರಿಕೋನಗಳನ್ನು ಪರದೆಯ ಮೇಲೆ ಬಣ್ಣ ತುಂಬಿ ಬಿಡಿಸು ಎಂಬ ಕೋರಿಕೆಗಳಿಗೆ ವಿಂಡೋಸ್‌ನಲ್ಲಿ ನಿಗದಿಯಾದ ಹೆಸರುಗಳಿವೆ, ನಿಗದಿಯಾದ ಕ್ರಮವಿದೆ. ಪುಣೆಯ ಉಡುಪಿ ಹೋಟೆಲಿನಲ್ಲಿ ಕುಳಿತ ಗಿರಾಕಿ ಮಸಾಲೆ ದೋಸೆ ಎನ್ನುತ್ತಾನೆ. ಒಳಗೆ ಉರಿಯುವುದು ಗ್ಯಾಸೋ ಸೌದೆಯೋ ಅವನಿಗೆ ಬೇಕಿಲ್ಲ, ಕೇಳಿದ್ದು ಕೇಳಿದ ಹಾಗೆ ಬಂದರೆ ಸಾಕು. ಮೆನು ಅದೇ ಇಟ್ಟುಕೊಂಡು ಅಡುಗೆಮನೆಯನ್ನು ಪೂರ್ತಿ ಬೇರೆ ಕಟ್ಟಿದರೆ ಗಿರಾಕಿಗೆ ತಿಳಿಯುವುದಿಲ್ಲ. 1993ರಲ್ಲಿ ಆರಂಭವಾದ ವೈನ್ ಎಂಬ ಯೋಜನೆ ಮಾಡಿದ್ದು ಇದನ್ನೇ. ವಿಂಡೋಸ್‌ನ ಆ ಸಾವಿರಾರು ಕೋರಿಕೆಗಳ ಹೆಸರನ್ನು ಹಾಗೆಯೇ ಉಳಿಸಿ, ಒಳಗಿನ ಕೆಲಸವನ್ನು ಲಿನಕ್ಸ್‌ನ ಸಾಮಗ್ರಿಯಿಂದ ಹೊಸದಾಗಿ ಬರೆಯುವುದು. ಇಲ್ಲಿ ಕೃತಕ ಕಂಪ್ಯೂಟರನ್ನು ಸೃಷ್ಟಿಸಿ ಅದರೊಳಗೆ ಆಟ ಓಡಿಸುವ ಎಮ್ಯುಲೇಷನ್ ಇಲ್ಲ. ಆಟದ ಆದೇಶಗಳು ನೇರವಾಗಿ ಪ್ರೊಸೆಸರಿಗೆ ಹೋಗುತ್ತವೆ. ಕೋರಿಕೆಗಳು ಮಾತ್ರ ವೈನ್ ಮೂಲಕ ಹಾಯುತ್ತವೆ. ಮುಂದೆ ವೇಗದ ಪ್ರಶ್ನೆ ಬಂದಾಗ ಈ ಭೇದವೇ ಮುಖ್ಯವಾಗುತ್ತದೆ.

ವೈನ್ 1.0 ಬರಲು 2008ರ ಜೂನ್ ಆಗಬೇಕಾಯಿತು, ಅಂದರೆ ಹದಿನೈದು ವರ್ಷ. ಅಷ್ಟರಲ್ಲಿ ಇನ್ನೊಂದು ದಾರಿಯಲ್ಲೂ ಜನ ನಡೆದು ನೋಡಿದ್ದರು. ಅಮೆರಿಕದ ಲೋಕಿ ಸಾಫ್ಟ್‌ವೇರ್ 1998ರಲ್ಲಿ ಹುಟ್ಟಿ, ಹೆಸರಾಂತ ಆಟಗಳ ಹಕ್ಕು ಪಡೆದು ಅವನ್ನು ಲಿನಕ್ಸ್‌ಗೆ ಹೊಂದಿಸಿ ಮಾರಿತು. ಕೆಲಸ ಚೆನ್ನಾಗಿಯೇ ಇತ್ತು. ಇಂದಿಗೂ ಅಸಂಖ್ಯ ಆಟಗಳು ಬಳಸುವ ಎಸ್‌ಡಿಎಲ್ ಲೈಬ್ರರಿ ರೂಪುಗೊಂಡದ್ದು ಆ ದಿನಗಳಲ್ಲೇ. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಕಂಪನಿ ಮುಚ್ಚಿತು. ದಶಕದ ನಂತರ ವಾಲ್ವ್ ಕಂಪನಿ ಕೈಹಾಕಿತು. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್ ಅದರದು. ವಿಂಡೋಸ್ 8ರೊಳಗೆ ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದಾಗ, ಪರರ ನೆಲದ ಮೇಲೆ ವ್ಯಾಪಾರ ಕಟ್ಟಿಕೊಂಡ ಅಪಾಯ ವಾಲ್ವ್‌ಗೆ ಅರಿವಾಯಿತು. 2013ರ ಫೆಬ್ರುವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರ ನವೆಂಬರಿನಲ್ಲಿ ಹಲವು ತಯಾರಕರಿಂದ ಸ್ಟೀಮ್ ಮಷಿನ್ ಎಂಬ ಪೆಟ್ಟಿಗೆಗಳೂ ಬಂದವು. ಅವೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆಟಗಳಿಲ್ಲವೆಂದು ಜನ ಕೊಳ್ಳಲಿಲ್ಲ. ಜನರಿಲ್ಲವೆಂದು ತಯಾರಕರು ಆಟ ಬರೆಯಲಿಲ್ಲ. ವಾಲ್ವ್‌ನಂಥ ಹಣವಂತ ಸಂಸ್ಥೆಗೂ ಈ ಸುಳಿಯಿಂದ ಹೊರಬರಲು ಆಗಲಿಲ್ಲ ಎಂಬುದನ್ನು ನೆನಪಿಡಬೇಕು. ರಾಜಿಯನ್ನು ಕಟ್ಟಿದವರ ಸ್ಥಿತಿಯನ್ನು ಇದರ ಪಕ್ಕದಲ್ಲಿಡಿ. ಅವರು 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟಲಾಗದೆ ಹಿಂದಿರುಗಿದವರು. ಅವರು ಬಳಸಿದ ಅನ್‌ರಿಯಲ್ ಎಂಜಿನ್ 4 ಲಿನಕ್ಸ್‌ಗೂ ಆಟವನ್ನು ಹೊರತೆಗೆದುಕೊಡಬಲ್ಲದು, ನಿಜ. ಆದರೆ ಹೊರತೆಗೆದದ್ದನ್ನು ಬೇರೆಬೇರೆ ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಪರೀಕ್ಷಿಸಬೇಕು, ಪ್ರತಿ ಪರಿಷ್ಕರಣೆಯಲ್ಲೂ ಮತ್ತೆ ಪರೀಕ್ಷಿಸಬೇಕು, ಕೆಟ್ಟದ್ದನ್ನು ವರ್ಷಗಟ್ಟಲೆ ಸರಿಪಡಿಸುತ್ತಿರಬೇಕು. ಕೊಳ್ಳುವವರಲ್ಲಿ ನೂರಕ್ಕೆ ಒಬ್ಬನೂ ಇಲ್ಲದ ಕಾಲದಲ್ಲಿ ಅಂಥ ತಂಡದಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ವೈನ್ ಇದ್ದೂ ಆಟಗಳೇಕೆ ಕಷ್ಟವಾದವು? ಬರಹದ ಅಥವಾ ಲೆಕ್ಕದ ತಂತ್ರಾಂಶ ಒಂದು ಕೋರಿಕೆಗೆ ಅರ್ಧ ಸೆಕೆಂಡ್ ತಡವಾದರೂ ಸಹಿಸುತ್ತದೆ. ಆಟ ಸೆಕೆಂಡಿಗೆ 60 ಚಿತ್ರ ಬಿಡಿಸಬೇಕಾದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್. ಅದರೊಳಗೆ ಸಾವಿರಾರು ಚಿತ್ರಣದ ಕೋರಿಕೆಗಳು ಹೋಗಬೇಕು. ವಿಂಡೋಸ್‌ನ ಆಟಗಳು ಈ ಕೋರಿಕೆಗಳನ್ನು ಡೈರೆಕ್ಟ್‌3ಡಿ ಎಂಬ ಮೈಕ್ರೋಸಾಫ್ಟ್‌ನ ರೀತಿಯಲ್ಲಿ ಮಾಡುತ್ತವೆ. ರಾಜಿಯ ಎಂಜಿನ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನೆಚ್ಚುವುದು ಅದರ 11ನೇ ಆವೃತ್ತಿಯನ್ನು. ಲಿನಕ್ಸ್‌ನಲ್ಲಿದ್ದದ್ದು ಓಪನ್‌ಜಿಎಲ್. ಎರಡರ ಆಲೋಚನಾಕ್ರಮವೇ ಬೇರೆ. ಓಪನ್‌ಜಿಎಲ್ ತೆರೆಮರೆಯಲ್ಲಿ ತಾನೇ ಹಲವು ತೀರ್ಮಾನ ಮಾಡಿಬಿಡುತ್ತದೆ, ಆ ತೀರ್ಮಾನಗಳು ಡೈರೆಕ್ಟ್‌3ಡಿಯ ನಿರೀಕ್ಷೆಗೆ ಹೊಂದುವುದಿಲ್ಲ, ಹೊಂದಿಸಲು ಹೋದರೆ ಸಮಯ ಸೋರುತ್ತದೆ. ದಾರಿ ತೆರೆದದ್ದು 2016ರ ಫೆಬ್ರುವರಿಯಲ್ಲಿ ಬಂದ ವಲ್ಕನ್. ಅದು ಗ್ರಾಫಿಕ್ಸ್ ಚಿಪ್ಪಿನ ಸ್ಮರಣೆ, ಸರದಿ, ಕಾಯುವಿಕೆ ಎಲ್ಲವನ್ನೂ ಪ್ರೋಗ್ರಾಮಿನ ಕೈಗೇ ಕೊಡುತ್ತದೆ. ಆಟ ಬರೆಯುವವರಿಗೆ ಇದು ಹೊರೆ. ಒಂದು ರೀತಿಯನ್ನು ಇನ್ನೊಂದರ ಮೇಲೆ ಕಟ್ಟುವವನಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಡಿಪಾಯ ಸಿಗದು. ಜರ್ಮನಿಯ ಫಿಲಿಪ್ ರೆಬೋಲೆ ‘ನಿಯರ್: ಆಟೊಮೇಟಾ’ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡುವ ಆಸೆಯಿಂದ 2017ರಲ್ಲಿ ಡಿಎಕ್ಸ್‌ವಿಕೆ ಬರೆಯಲು ತೊಡಗಿದರು. ಡೈರೆಕ್ಟ್‌3ಡಿ 11ರ ಪ್ರತಿ ಕೋರಿಕೆಯನ್ನೂ ವಲ್ಕನ್ ಕೋರಿಕೆಯಾಗಿ ಬದಲಿಸುವ ಲೈಬ್ರರಿ ಅದು. ಮರುವರ್ಷದ ಆರಂಭದಲ್ಲೇ ಅದು ಕೆಲಸ ಮಾಡುತ್ತಿತ್ತು. ವಾಲ್ವ್ ಅವರಿಗೆ ಸಂಬಳ ಕೊಟ್ಟು ಅದೇ ಕೆಲಸ ಮುಂದುವರಿಸಲು ಹೇಳಿತು. 2018ರ ಆಗಸ್ಟ್ 21ರಂದು ವೈನ್, ಡಿಎಕ್ಸ್‌ವಿಕೆ ಮತ್ತಿತರ ತುಣುಕುಗಳನ್ನು ಒಟ್ಟು ಕಟ್ಟಿದ ಪ್ರೋಟಾನ್ ಹೊರಬಂತು. ಈಗ ಬಹಳಷ್ಟು ಆಟಗಳಿಗೆ ಕೊಂಡವರು ಏನನ್ನೂ ಹೊಂದಿಸಿಕೊಳ್ಳಬೇಕಿಲ್ಲ. ಸ್ಟೀಮ್‌ನಲ್ಲಿ ಗುಂಡಿ ಒತ್ತಿದರೆ ಸಾಕು.

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಇಂದಿನ ಆಟ ಒಂದೇ ಹೊತ್ತಿಗೆ ಹತ್ತಾರು ಎಳೆಗಳಲ್ಲಿ ಕೆಲಸ ಮಾಡುತ್ತದೆ. ಒಂದೆಳೆ ಧ್ವನಿಗೆ, ಒಂದೆಳೆ ಭೌತಿಕ ಚಲನೆಗೆ, ಒಂದೆಳೆ ಚಿತ್ರಕ್ಕೆ. ಇವು ಒಂದಕ್ಕೊಂದು ಕಾಯಬೇಕು. ‘ಈ ಐದರಲ್ಲಿ ಯಾವುದಾದರೂ ಒಂದು ಮುಗಿದರೆ ನನ್ನನ್ನು ಎಬ್ಬಿಸು’ ಎಂದು ಕೇಳುವ ಸೌಲಭ್ಯ ವಿಂಡೋಸ್‌ನಲ್ಲಿ ಮೊದಲಿನಿಂದ ಇತ್ತು, ಲಿನಕ್ಸ್‌ನ ತಿರುಳಾದ ಕರ್ನೆಲಿನಲ್ಲಿ ಅದಕ್ಕೆ ಸರಿಯಾದ ಜೋಡಿ ಇರಲಿಲ್ಲ. ವೈನ್ ಅದನ್ನು ಸುತ್ತುಬಳಸಿ ಮಾಡುತ್ತಿತ್ತು. 2022ರ ಜನವರಿಯ ಲಿನಕ್ಸ್ 5.16ರಲ್ಲಿ ಬಹುಮಟ್ಟಿಗೆ ಆಟಗಳಿಗಾಗಿಯೇ ಹೊಸದೊಂದು ಸಿಸ್ಟಂ ಕಾಲ್, ಅಂದರೆ ಕರ್ನೆಲಿಗೆ ನೇರವಾಗಿ ಸಲ್ಲಿಸುವ ಕೋರಿಕೆ, ಸೇರಿತು. 2025ರ ಮಾರ್ಚಿನ 6.14ರಲ್ಲಿ ಎನ್‌ಟಿಸಿಂಕ್ ಎಂಬ ಡ್ರೈವರ್ ಬಂದು ವಿಂಡೋಸ್‌ನ ಕಾಯುವಿಕೆಯ ನಿಯಮಗಳನ್ನು ಕರ್ನೆಲಿನೊಳಗೇ ಪಾಲಿಸತೊಡಗಿತು. ಆಟ ಹುಡುಗರ ಚಟವೆಂದು ಮೂಗು ಮುರಿಯುವವರಿದ್ದಾರೆ. ಅವರು ಗಮನಿಸಬೇಕಾದದ್ದು ಇದು: ಸೂಪರ್‌ಕಂಪ್ಯೂಟರುಗಳೂ ಸರ್ವರುಗಳೂ ನಂಬಿ ನಡೆಯುವ ಅದೇ ಕರ್ನೆಲಿಗೆ ಹೊಸ ಕೌಶಲ ಕಲಿಸಿದ್ದು ಆಟಗಳು.

2022ರ ಫೆಬ್ರುವರಿ 28ರಂದು ಬಂದ ಸ್ಟೀಮ್ ಡೆಕ್ ಈ ಎಲ್ಲ ಕೆಲಸದ ಮೇಲೆ ನಿಂತ ಕೈಸಾಧನ. ಏಳು ಅಂಗುಲದ ಪರದೆ, 16 ಜಿಬಿ ಸ್ಮರಣೆ, 4ರಿಂದ 15 ವಾಟ್‌ನಲ್ಲಿ ನಡೆಯುವ ಎಎಂಡಿ ಚಿಪ್, ಆರ್ಚ್ ಲಿನಕ್ಸ್ ಆಧಾರದ ಸ್ಟೀಮ್‌ಒಎಸ್. ಲಿನಕ್ಸ್‌ನ ಕೈಸಾಧನವೆಂದಾಗ ಕನ್ನಡಿಗರಿಗೆ ಬೇರೊಂದು ಹೆಸರು ನೆನಪಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್ಕೋರ್ ಸಾಫ್ಟ್‌ವೇರ್ ಕೂಡಿ ರೂಪಿಸಿದ ಸಿಂಪ್ಯೂಟರ್ ಬೆಂಗಳೂರಿನದು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಲಿನಕ್ಸ್ ಓಡುತ್ತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ ಮಾರುಕಟ್ಟೆಗೆ ಬಂದ ಅಮಿದಾ ಸಿಂಪ್ಯೂಟರಿನಲ್ಲಿ ಕೈಯ ಓಲಾಟವನ್ನು ಗುರುತಿಸುವ ಸಂವೇದಕವೂ ಇತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ. ಅದು ವ್ಯಾಪಕವಾಗಿ ಹರಡಲಿಲ್ಲ. ಬೆಲೆ, ಅಗ್ಗದ ಮೊಬೈಲ್ ಫೋನುಗಳ ಪ್ರವಾಹ ಮುಂತಾದ ಕಾರಣಗಳಿದ್ದವು. ಆದರೆ ನಮ್ಮ ವಾದಕ್ಕೆ ಸಂಬಂಧಿಸಿದ ಕಾರಣವೂ ಒಂದಿದೆ. ಸಿಂಪ್ಯೂಟರಿನಲ್ಲಿ ಓಡಬೇಕಾದ ಪ್ರತಿಯೊಂದನ್ನೂ ಸಿಂಪ್ಯೂಟರಿಗೆಂದೇ ಬರೆಯಬೇಕಿತ್ತು ಅಥವಾ ಹೊಂದಿಸಬೇಕಿತ್ತು. ಅದು ಒಂಟಿಯಾಗಿ ಬಂದ ಸಾಧನ. ಡೆಕ್ ಹುಟ್ಟುವಾಗಲೇ ಇಪ್ಪತ್ತು ಮೂವತ್ತು ವರ್ಷಗಳ ವಿಂಡೋಸ್ ಆಟಗಳ ರಾಶಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂತು. ಎಂಜಿನಿಯರಿಂಗ್ ಪ್ರತಿಭೆಯಲ್ಲಿ ಬೆಂಗಳೂರಿನ ತಂಡ ಯಾರಿಗೂ ಕಡಿಮೆಯಿರಲಿಲ್ಲ. ಅವರಿಗೆ ಸಿಗದೆ ಹೋದದ್ದು ಈ ರಾಶಿ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ವೇಗದ್ದು: ಆಟಕ್ಕೂ ಲಿನಕ್ಸ್‌ಗೂ ನಡುವೆ ವೈನ್, ಡಿಎಕ್ಸ್‌ವಿಕೆಯಂಥ ಪದರವಿದ್ದರೆ ನಿಧಾನವಾಗದೇ? ಪದರಕ್ಕೆ ಬೆಲೆ ತೆರಬೇಕೆಂಬುದು ನಿಜ. ಆದರೆ ವಿಂಡೋಸ್‌ನಲ್ಲೂ ಪದರಗಳಿವೆ, ಹಿನ್ನೆಲೆಯ ಸೇವೆಗಳಿವೆ, ಡ್ರೈವರುಗಳ ಗುಣದೋಷವಿದೆ. ನೋಡಬೇಕಾದದ್ದು ಒಟ್ಟು ಮೊತ್ತವನ್ನು. 2025ರ ಮೇ ತಿಂಗಳಲ್ಲಿ ಲೆನೊವೊ ಕಂಪನಿಯ ಕೈಸಾಧನ ಲೀಜನ್ ಗೋ ಎಸ್ ಅಧಿಕೃತವಾಗಿ ಸ್ಟೀಮ್‌ಒಎಸ್‌ನೊಂದಿಗೆ ಬಂದಾಗ, ಒಂದೇ ಯಂತ್ರದ ಮೇಲೆ ಎರಡೂ ವ್ಯವಸ್ಥೆಗಳನ್ನು ಹೋಲಿಸುವ ಅವಕಾಶ ವಿಮರ್ಶಕರಿಗೆ ಸಿಕ್ಕಿತು. ವಿಂಡೋಸ್‌ಗೆಂದೇ ಬರೆದ ಹಲವು ದೊಡ್ಡ ಆಟಗಳು ವಿಂಡೋಸ್ 11ಕ್ಕಿಂತ ಲಿನಕ್ಸ್‌ನಲ್ಲಿ ಹೆಚ್ಚು ವೇಗವಾಗಿ ಓಡಿದವು. ಇನ್ನೂ ಹಳೆಯ ಸಾಕ್ಷ್ಯವೊಂದಿದೆ. ‘ಎಲ್ಡೆನ್ ರಿಂಗ್’ ಆಟ 2022ರಲ್ಲಿ ಬಂದಾಗ ಕಂಪ್ಯೂಟರುಗಳಲ್ಲಿ ತಡವರಿಸುತ್ತಿತ್ತು. ಗ್ರಾಫಿಕ್ಸ್ ಸ್ಮರಣೆಯನ್ನು ಅದು ನಿಭಾಯಿಸುತ್ತಿದ್ದ ಬಗೆಯೂ ಅದಕ್ಕೊಂದು ಕಾರಣ. ವಾಲ್ವ್‌ನವರು ಆಟವನ್ನು ಮುಟ್ಟದೆ ನಡುವಿನ ಪದರದಲ್ಲೇ ಆ ಕೋರಿಕೆಗಳನ್ನು ಜಾಣತನದಿಂದ ನಿಭಾಯಿಸಿ ಡೆಕ್‌ನಲ್ಲಿ ತಡವರಿಕೆಯನ್ನು ತಗ್ಗಿಸಿದರು. ಪದರವೆಂದರೆ ಬರೀ ಅಡ್ಡಿಯಲ್ಲ, ಆಟದ ತಪ್ಪನ್ನು ಹೊರಗಿನಿಂದ ತಿದ್ದಬಹುದಾದ ತಾಣವೂ ಹೌದು.

ಎರಡನೆಯ ಆಕ್ಷೇಪ ಹಳೆಯ ಲಿನಕ್ಸ್ ನಿಷ್ಠರದು, ಅದಕ್ಕೆ ಗೌರವದಿಂದ ಉತ್ತರಿಸಬೇಕು. ಲಿನಕ್ಸ್‌ಗೆಂದೇ ಬರೆದ ಆಟವಲ್ಲವೇ ನಿಜವಾದ ಗೆಲುವು, ಪ್ರೋಟಾನ್ ಬಂದಮೇಲೆ ತಯಾರಕರಿಗೆ ಆ ಆಸಕ್ತಿಯೇ ಹೋಯಿತಲ್ಲ ಎನ್ನುತ್ತಾರೆ. ಆಸಕ್ತಿ ಕುಗ್ಗಿದ್ದು ಹೌದು. ಆದರೆ ಬಾಳಿಕೆಯನ್ನು ನೋಡಿ. ಲಿನಕ್ಸ್ ಕರ್ನೆಲ್ ಹಳೆಯ ಪ್ರೋಗ್ರಾಮುಗಳನ್ನು ಮುರಿಯದಂತೆ ಬಹಳ ಎಚ್ಚರ ವಹಿಸುತ್ತದೆ, ಅದರ ಮೇಲಿನ ಲೈಬ್ರರಿಗಳು ವಹಿಸುವುದಿಲ್ಲ. ಲೋಕಿಯವರು ಅಷ್ಟು ಶ್ರಮದಿಂದ ತಂದ ಆಟಗಳನ್ನು ಇಂದಿನ ಲಿನಕ್ಸ್‌ನಲ್ಲಿ ತೆರೆಯಲು ಆ ಕಾಲದ ಲೈಬ್ರರಿಗಳನ್ನು ಹುಡುಕಿ ತರಬೇಕು; ಅದೇ ಕಾಲದ ವಿಂಡೋಸ್ ಪ್ರತಿ ಎಷ್ಟೋ ಸಲ ವೈನ್‌ನಲ್ಲಿ ಸುಮ್ಮನೆ ತೆರೆದುಕೊಳ್ಳುತ್ತದೆ. 2022ರ ಆಗಸ್ಟಿನಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಹೊಸ ಆವೃತ್ತಿ ತನ್ನ ಕಡತಗಳಿಂದ ಹಳೆಯದೊಂದು ಕೋಷ್ಟಕವನ್ನು ಕೈಬಿಟ್ಟಾಗ, ಅದನ್ನು ನೆಚ್ಚಿದ್ದ, ಆಟದಲ್ಲಿ ಮೋಸ ತಡೆಯುವ ಈಸಿ ಆ್ಯಂಟಿ-ಚೀಟ್ ತಂತ್ರಾಂಶ ಕೆಟ್ಟು ಕೆಲವು ಆಟಗಳು ನಿಂತವು. ವಿಂಡೋಸ್‌ನ ಕೋರಿಕೆಗಳ ಪಟ್ಟಿ ಹಾಗೆ ಬದಲಾಗುವುದಿಲ್ಲ. ಅದು ಬದಲಾಗದಂತೆ ನೋಡಿಕೊಂಡ ಶ್ರೇಯಸ್ಸು ಮೈಕ್ರೋಸಾಫ್ಟ್‌ಗೆ ಸಲ್ಲಬೇಕು. ಆಟವೊಂದು ಸಾಂಸ್ಕೃತಿಕ ಕೃತಿ ಎಂದು ಒಪ್ಪುವುದಾದರೆ, ರಾಜಿಯ ತಂಡ ಚದುರಿದ ಮೇಲೂ, ಆಟವನ್ನು ತಿದ್ದುವ ಕೈ ಯಾವುದೂ ಉಳಿಯದಿದ್ದರೂ, ಅದು ತೆರೆದುಕೊಳ್ಳಬೇಕು. ತೆರೆದುಕೊಳ್ಳುವ ಹೊಣೆ ಕೃತಿಕಾರರ ಮೇಲಿರುವುದಕ್ಕಿಂತ ಸಾವಿರಾರು ಆಟಗಳಿಗೆ ಸಮಾನವಾದ ಒಂದು ಪದರದ ಮೇಲಿರುವುದು ಕ್ಷೇಮ. ಆ ಪದರವನ್ನು ಒಮ್ಮೆ ತಿದ್ದಿದರೆ ಎಲ್ಲವೂ ಬದುಕುತ್ತವೆ.

ಒಡೆಯ ಮೈಕ್ರೋಸಾಫ್ಟ್ ಬದಲು ವಾಲ್ವ್ ಆಯಿತಷ್ಟೇ ಎಂಬುದು ಮೂರನೆಯ ಮಾತು. ಹಣ ಬಹುಪಾಲು ವಾಲ್ವ್‌ನದೇ ಎಂಬುದರಲ್ಲಿ ಮರೆಮಾಚುವುದೇನಿಲ್ಲ. ಆದರೆ ವೈನ್ 2002ರಿಂದ ಎಲ್‌ಜಿಪಿಎಲ್ ಪರವಾನಗಿಯಲ್ಲಿದೆ. ಅದನ್ನು ತಿದ್ದಿ ಹಂಚುವವರು ತಿದ್ದಿದ್ದನ್ನೂ ಹಂಚಬೇಕು. ಡಿಎಕ್ಸ್‌ವಿಕೆ ಇನ್ನೂ ಉದಾರ. ಸ್ಟೀಮ್‌ನ ಹೊರಗೆ ಕೊಂಡ ಆಟಗಳನ್ನು ಲುಟ್ರಿಸ್, ಹೀರೋಯಿಕ್ ಎಂಬ ತಂತ್ರಾಂಶಗಳು ಇದೇ ಪದರದ ಮೇಲೆ ನಡೆಸುತ್ತವೆ. ಆ್ಯಪಲ್ ಕೂಡ 2023ರಲ್ಲಿ ತನ್ನ ಮ್ಯಾಕ್‌ಗಳಿಗೆ ಆಟ ತರುವ ಸಲಕರಣೆ ಕಟ್ಟಿದ್ದು ವೈನ್ ಮೇಲೆಯೇ. ವಾಲ್ವ್ ನಾಳೆ ಕೈಬಿಟ್ಟರೆ ಕೆಲಸ ನಿಧಾನವಾದೀತು, ಮಾಡಿದ್ದು ಅಳಿಯದು. ಮತ್ತೊಬ್ಬರ ಕೋರಿಕೆಗಳ ಪಟ್ಟಿಯನ್ನು ಹೀಗೆ ಬಳಸುವುದು ಕಾನೂನಿಗೆ ಸಮ್ಮತವೇ ಎಂಬ ಅಂಜಿಕೆಯೂ ಉಂಟು. ಗೂಗಲ್ ಮತ್ತು ಒರಾಕಲ್ ನಡುವಿನ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲಿನಲ್ಲಿ ಅಂಥ ಬಳಕೆಯನ್ನು ನ್ಯಾಯಯುತವೆಂದಿತು. ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿ ನಡೆಯಲು ಬೇಕಾದ ಮಾಹಿತಿ ಪಡೆಯುವುದಕ್ಕೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೂ ಅವಕಾಶವಿದೆ.

ನನ್ನ ವಾದಕ್ಕೆ ನಿಜವಾಗಿ ತಡೆ ಒಡ್ಡುವುದು ನಾಲ್ಕನೆಯದು. ಹಲವರು ಕೂಡಿ ಆನ್‌ಲೈನ್‌ನಲ್ಲಿ ಆಡುವ ಆಟಗಳಲ್ಲಿ ಮೋಸ ತಡೆಯಲು ಆ್ಯಂಟಿ-ಚೀಟ್ ತಂತ್ರಾಂಶವಿರುತ್ತದೆ. ಅದು ಆಟ ನಡೆದಿರುವ ವಾತಾವರಣ ಅಸಲಿಯೋ ಎಂದು ತಡಕುತ್ತದೆ. ‘ವ್ಯಾಲರಂಟ್’ ಆಟದ ವ್ಯಾನ್‌ಗಾರ್ಡ್‌ನಂಥದು ವಿಂಡೋಸ್ ಕರ್ನೆಲಿನೊಳಗೇ ಕೂರುತ್ತದೆ. ವೈನ್ ವಿಂಡೋಸ್ ಅಲ್ಲ, ಅದಕ್ಕೆ ಆ ಕರ್ನೆಲ್ ಇಲ್ಲ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಲ್ಲಿ ಪ್ರೋಟಾನ್‌ಗೆ ಹೊಂದಿಕೊಂಡವು, ಆದರೆ ಅನುಮತಿ ಕೊಡಬೇಕಾದದ್ದು ಆಟದ ಒಡೆಯ. ‘ಫೋರ್ಟ್‌ನೈಟ್’ ಕೊಡಲಿಲ್ಲ. ‘ಏಪೆಕ್ಸ್ ಲೆಜೆಂಡ್ಸ್’ ಕೊಟ್ಟು, 2024ರ ಅಕ್ಟೋಬರ್ ಕೊನೆಗೆ ಹಿಂತೆಗೆದುಕೊಂಡಿತು. ಲಿನಕ್ಸ್ ಮೂಲಕ ಬರುವ ಮೋಸಗಾರರನ್ನು ಪತ್ತೆ ಮಾಡುವುದು ಕಷ್ಟವೆಂಬುದು ಅವರ ವಿವರಣೆ. ಬಳಕೆದಾರನೇ ಕರ್ನೆಲನ್ನು ತಿದ್ದಬಲ್ಲ ವ್ಯವಸ್ಥೆಯಲ್ಲಿ ಆ ಕಷ್ಟ ಸುಳ್ಳಲ್ಲ. ಇಲ್ಲಿ ಪರಿಹಾರ ಪದರದಿಂದ ಬರುವುದಿಲ್ಲ. ಮೋಸವನ್ನು ಆಟಗಾರನ ಯಂತ್ರದಲ್ಲಿ ಹುಡುಕುವ ಬದಲು ಸರ್ವರಿನಲ್ಲಿ, ಆಟದ ನಡೆಗಳಲ್ಲೇ ಹುಡುಕುವ ವಿಧಾನಗಳು ಬೆಳೆಯಬೇಕು. ಮನೆಯ ಕಂಪ್ಯೂಟರಿನ ಅತಿ ಒಳಗಿನ ಕೋಣೆಗೆ ಆಟದ ಕಂಪನಿಗೆ ಪ್ರವೇಶ ಕೊಡುವುದು ಯಾವ ವ್ಯವಸ್ಥೆಯಲ್ಲೂ ಒಳ್ಳೆಯದಲ್ಲ ಎಂದು ನಾನು ನಂಬುತ್ತೇನೆ. ಆದರೆ ಗೆಳೆಯರ ಜೊತೆ ‘ವ್ಯಾಲರಂಟ್’ ಆಡುವ ವಾಕಡದ ಹುಡುಗನಿಗೆ ಇಂದಿಗೆ ವಿಂಡೋಸೇ ಬೇಕು. ಅವನಿಗೆ ಬೇರೆ ಹೇಳಿದರೆ ತಪ್ಪಾಗುತ್ತದೆ.

ಸ್ಟೀಮ್‌ನ ಸ್ವಂತ ಸಮೀಕ್ಷೆಯಲ್ಲಿ 2018ರಲ್ಲಿ ಶೇಕಡ 1ಕ್ಕಿಂತ ಕೆಳಗಿದ್ದ ಲಿನಕ್ಸ್ ಪಾಲು 2025ರ ಅಕ್ಟೋಬರಿನಲ್ಲಿ ಶೇಕಡ 3 ದಾಟಿತು. ಅಂಕಿ ಸಣ್ಣದು. ಭಾರತಕ್ಕೆ ಅದರ ಅರ್ಥ ಬೇರೆ. ವಾಲ್ವ್ ಡೆಕ್ ಅನ್ನು ಇಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. ಆಸುಸ್‌ನ ಕೈಸಾಧನ ಆರ್‌ಒಜಿ ಅಲೈ 2023ರ ಜುಲೈಯಲ್ಲಿ ಇಲ್ಲಿಗೆ ಬಂದಾಗ ಬೆಲೆ 69,990 ರೂಪಾಯಿ, ಅದೂ ವಿಂಡೋಸ್‌ನೊಂದಿಗೆ. ಆದ್ದರಿಂದ ಇಲ್ಲಿ ಬೆಲೆಯುಳ್ಳದ್ದು ಸಾಧನವಲ್ಲ, ಅದರೊಳಗಿನ ತಂತ್ರಾಂಶ. ಅದು ಉಚಿತ, ಬಜೈಟ್‌ನಂಥ ಲಿನಕ್ಸ್ ವಿತರಣೆಗಳ ರೂಪದಲ್ಲಿ ಬಹುತೇಕ ಕಂಪ್ಯೂಟರುಗಳಿಗೆ ಇಳಿಸಿಕೊಳ್ಳಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು; ವಿಂಡೋಸ್ 11ರ ಷರತ್ತಿಗೆ ಒಗ್ಗದ, ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ಅಸಂಖ್ಯ. ಆದರೆ ಅವೆಲ್ಲದರಲ್ಲೂ ರಾಜಿ ಓಡುವಳೆಂದು ತಿಳಿಯಬಾರದು. ಡಿಎಕ್ಸ್‌ವಿಕೆಯ 2022ರ ನಂತರದ ಆವೃತ್ತಿಗಳಿಗೆ ವಲ್ಕನ್ 1.3 ಬೇಕು. ಇಂಟೆಲ್‌ನ ಆರನೇ ತಲೆಮಾರಿನಿಂದ ಈಚಿನ, ಅಂದರೆ 2015ರ ನಂತರದ ಚಿಪ್ಪಿನೊಳಗಿನ ಗ್ರಾಫಿಕ್ಸ್, ಎನ್ವಿಡಿಯಾದ ಮ್ಯಾಕ್ಸ್‌ವೆಲ್ ಮತ್ತು ಅನಂತರದ ಕಾರ್ಡುಗಳು ಅದನ್ನು ಬಲ್ಲವು. 2012ರ ಸುಮಾರಿನ ಕೆಪ್ಲರ್ ಕಾರ್ಡು ಎನ್ವಿಡಿಯಾದ ಡ್ರೈವರಿನಲ್ಲಿ 1.2ಕ್ಕೇ ನಿಲ್ಲುತ್ತದೆ. ಬಲ್ಲವುಗಳಲ್ಲೂ ಚಿಪ್ಪಿನೊಳಗಿನ ಹಳೆಯ ಗ್ರಾಫಿಕ್ಸ್ ದುರ್ಬಲ. ಅಂಥ ಕಡೆ ಪರದೆಯ ಸ್ಪಷ್ಟತೆಯನ್ನು ತಗ್ಗಿಸಿ ಆಡಬೇಕಾದೀತು. ಹೀಗಾಗಿ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಲು ಹೊರಟವರು ಮೊದಲು ನೋಡಬೇಕಾದದ್ದು ಯಂತ್ರದ ಒಟ್ಟು ವಯಸ್ಸನ್ನಲ್ಲ, ಅದರ ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನು.